ಡಬ್ಬಿಯ ಮೇಲೆ ನಾನು ನಕ್ಕದ್ದು

ಸತ್ಯನಾರಾಯಣಪೇಟೆ, ಬಳ್ಳಾರಿ
ಬುಧವಾರ, 18 ಜೂನ್ 2025

ಚಿರಂಜೀವಿ ಜಯತೀರ್ಥನಿಗೆ,

ಉಭಯ ಕುಶಲೋಪರಿ ಎಂದು ಮೊದಲ ಸಾಲು ಬರೆದು ಹೊಡೆದುಹಾಕಿದ್ದೇನೆ. ಮೇಲೆ ಶಾಯಿಯ ಕಲೆ ಕಾಣುತ್ತಿದ್ದರೆ ಅದು ಅದೇ. ಇಲ್ಲಿ ಯಾರೂ ಕುಶಲವಾಗಿಲ್ಲ. ನೀನು ಮಾತ್ರ ಇದ್ದೀಯಂತೆ. ಆದೋನಿಯಲ್ಲಿ ನಿನ್ನ ಹೆಂಡತಿ ಶ್ರೀಕೃತಿಯ ಸೋದರಮಾವನ ಮನೆಯ ಮಾಳಿಗೆ ಮೇಲೆ ಕೂಲರ್ ಹಾಕಿಕೊಂಡು ಮಲಗಿರುತ್ತೀ, ಊಟ ತಿಂಡಿ ಬಿಸಿಬಿಸಿಯಾಗಿ ಮೇಲಕ್ಕೇ ಬರುತ್ತದೆ ಎಂದು ಕೇಳಿದೆ. ಹೊಟ್ಟೆ ಹೇಗಿದೆ? ಜ್ವರ ಗಿರ ಏನಾದರೂ? ಮೈಕೈ ನೋವು? ಇರಲಾರದು ಬಿಡು. ನಿನ್ನ ಕಾರ್ಖಾನೆಯ ಮೊಸರನ್ನದ ಡಬ್ಬಿಯನ್ನು ನೀನು ಒಂದು ದಿನವೂ ಬಾಯಿಗೆ ಇಟ್ಟವನಲ್ಲ. ಮನೆಗೆ ಬಂದು, ಅಮ್ಮಾ ಒಂದಿಷ್ಟು ಬಿಸಿ ಅನ್ನ, ಸಾರು ಹಾಕು ಅನ್ನುತ್ತಿದ್ದೆ. ಆಗ ನನಗೆ ಅದು ನನ್ನ ಕೈರುಚಿಯ ಮೇಲಿನ ಪ್ರೀತಿ ಎಂದು ಅನ್ನಿಸುತ್ತಿತ್ತು.

ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ಇಟ್ಟುಬಿಡುತ್ತೀ, ಅದಕ್ಕೆ ಕಾಗದ ಬರೆಯುತ್ತಿದ್ದೇನೆ. ಇದನ್ನು ನೀನು ಹರಿದುಹಾಕಬಹುದು, ಆದರೆ ಓದದೆ ಹರಿಯುವವನಲ್ಲ. ಚಿಕ್ಕವನಿದ್ದಾಗ ನಿನ್ನ ತಂದೆಗೆ ಬಂದ ಅಂಚೆಯನ್ನೆಲ್ಲ ನೀನೇ ಮೊದಲು ಒಡೆದು ನೋಡಬೇಕಿತ್ತು. ಅವರು ಕೋರ್ಟಿನಿಂದ ಬಂದು ಒಡೆದ ಲಕೋಟೆ ನೋಡಿ ಗದರಿದರೆ ನನ್ನ ಸೆರಗಿನ ಹಿಂದೆ ಬಂದು ನಿಲ್ಲುತ್ತಿದ್ದೆ. ಸೆರಗು ಈಗಲೂ ಇದೆ. ಅದರ ಹಿಂದೆ ನಿಲ್ಲಲು ಜಾಗ ಇಲ್ಲ, ತಿಳಿದುಕೋ.

ಮನೆಯ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಪ್ರಣವ ಶಾಲೆಗೆ ಹೋಗುತ್ತಿಲ್ಲ. ಶಾಲೆ ತೆರೆದ ಮೊದಲ ವಾರವೇ ಹುಡುಗರು ಅವನಿಗೆ ಡಬ್ಬಿ ಎಂದು ಹೆಸರಿಟ್ಟಿದ್ದಾರೆ. ನಿನ್ನ ಮಗ ಜಗಳ ಮಾಡಲಿಲ್ಲ, ಅಳಲಿಲ್ಲ, ಮನೆಗೆ ಬಂದು ಚೀಲ ಇಟ್ಟು ನನ್ನ ಕೋಣೆಯಲ್ಲಿ ಕುಳಿತ. ಶ್ರೀಕೃತಿ ಕಾಲೇಜಿಗೆ ಪಾಠ ಹೇಳಲು ಹೋಗುತ್ತಾಳೆ, ಬರುತ್ತಾಳೆ, ಯಾರ ಜೊತೆಗೂ ಮಾತಿಲ್ಲ. ನಿನ್ನ ತಂದೆಯ ತಿಥಿ ಮುಂದಿನ ತಿಂಗಳು ಬರುತ್ತದೆ. ಮಾಡುವವನು ಆದೋನಿಯಲ್ಲಿದ್ದಾನೆ ಎಂದು ಆಚಾರ್ಯರಿಗೆ ಹೇಗೆ ಹೇಳಲಿ? ಮಂತ್ರಾಲಯಕ್ಕೆ ಹೋಗಿ ರಾಯರ ದರ್ಶನ ಮಾಡಿಕೊಂಡು ಬರುತ್ತೇನೆ ಎಂದು ಹೊರಟವನು ದಾರಿಯಲ್ಲೇ ಇಳಿದುಬಿಟ್ಟೆ. ರಾಯರ ಎದುರು ಹೋಗಿ ನಿಲ್ಲುವಷ್ಟು ಧೈರ್ಯ ನಿನಗೆ ಇಲ್ಲದೆ ಹೋಯಿತು ಎಂಬುದೊಂದೇ ನನಗೆ ಈ ತಿಂಗಳಲ್ಲಿ ಉಳಿದ ಸಮಾಧಾನ. ಭಯ ಇನ್ನೂ ಎಲ್ಲೋ ಇದೆ ಅಂದುಕೊಂಡೆ.

ಕುಡತಿನಿ ರಸ್ತೆಯಲ್ಲಿ ಕಾರ್ಖಾನೆಗೆ ಶೆಡ್ ಹಾಕಿದಾಗ ನೀನು ನನ್ನನ್ನು ಏನೂ ಕೇಳಲಿಲ್ಲ. 'ಅಂಬುಜಮ್ಮನ ಕೈತುತ್ತು' ಎಂದು ಹೆಸರಿಟ್ಟಾಗ ಕೇಳಲಿಲ್ಲ. ಮೊಸರನ್ನದ ಡಬ್ಬಿ ಮೊದಲ ಸಲ ಮನೆಗೆ ತಂದು ಮೇಜಿನ ಮೇಲಿಟ್ಟಾಗಲೇ ಅದರ ಮುಚ್ಚಳದ ಮೇಲೆ ನಾನು ನನ್ನನ್ನು ನೋಡಿದ್ದು. ಆ ಫೋಟೋ ಎಲ್ಲಿಯದು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಪ್ರಣವನ ಮುಂಜಿಯಲ್ಲಿ ನಾನು ಭಿಕ್ಷೆ ಹಾಕುವಾಗ, ಆ ಬೋಳು ತಲೆ, ಕೈಯಲ್ಲಿ ತನಗಿಂತ ಉದ್ದದ ಕೋಲು ನೋಡಿ ನಗು ತಡೆಯಲಾಗದೆ ನಕ್ಕಿದ್ದೆ. ಪಕ್ಕದಲ್ಲಿ ನಿನ್ನ ತಂದೆ ಇದ್ದರು, ಅವರೂ ನಗುತ್ತಿದ್ದರು. ನೀನು ಅವರನ್ನು ಕತ್ತರಿಸಿ ತೆಗೆದೆ, ಹುಡುಗನನ್ನು ಕತ್ತರಿಸಿ ತೆಗೆದೆ, ನನ್ನ ಮುಖವೊಂದನ್ನು ಉಳಿಸಿಕೊಂಡೆ. ಅವರು ಹೋಗಿ ವರ್ಷವೂ ತುಂಬಿರಲಿಲ್ಲ. ಹಣೆಗೆ ಕುಂಕುಮವಿಲ್ಲದ ನಾನು ಮನೆಯಲ್ಲಿ ಕುಳಿತಿದ್ದರೆ, ಕುಂಕುಮ ಇಟ್ಟುಕೊಂಡು ನಗುವ ನಾನು ಊರಿನ ಅಂಗಡಿಗಳ ಫ್ರಿಜ್ಜಿನಲ್ಲೆಲ್ಲ ಕುಳಿತೆ. ತೆಗೆಸು ಎಂದು ಅಂದೇ ಹೇಳಿದೆ. "ಮುಚ್ಚಳ ಎಲ್ಲಾ ಪ್ರಿಂಟ್ ಆಗ್ಯಾವ ಅಮ್ಮಾ, ನಿನ್ನ ಮಾರಿ ನೋಡಿದ್ರ ಜನಕ್ಕ ನಂಬಿಕಿ ಬರ್ತದ" ಎಂದೆ. ಹತ್ತು ದಿನ ಇಟ್ಟ ಮೊಸರನ್ನ ಯಾರು ಉಣ್ಣುತ್ತಾರೋ ಎಂದು ಕೇಳಿದ್ದಕ್ಕೆ, "ಈಗಿನ ಕಾಲ ನಿನಗ ತಿಳಿಯೂದಿಲ್ಲ" ಎಂದೆ. ಬೇಗ ಹುಳಿಯಾಗಬಾರದೆಂದು ಮೊಸರು ಕಡಿಮೆ ಮಾಡಿ ಹಾಲನ್ನೇ ಹೆಚ್ಚು ಸುರಿಸಿದೆ. ಮೇಲೆ ನಾಲ್ಕು ದಾಳಿಂಬೆ ಕಾಳು ಉದುರಿಸಿದೆ. ಅದು ನನ್ನ ಕೈತುತ್ತು ಎಂದೆ.

ಮೇ ತಿಂಗಳ ಕೊನೆಗೆ ಪತ್ರಿಕೆಯಲ್ಲಿ ಬಂದಾಗ ನಾನು ದೇವರ ಪೂಜೆ ಮುಗಿಸಿ ಬಂದು ಕುಳಿತಿದ್ದೆ. ಈ ಹೆಸರಿನ ಮೊಸರನ್ನದಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿದೆ, ಫ್ರಿಜ್ಜಿನ ತಂಪಿನಲ್ಲೂ ಅದು ಬೆಳೆಯುತ್ತದೆ, ಮಾರುಕಟ್ಟೆಯಲ್ಲಿರುವ ಡಬ್ಬಿಗಳನ್ನೆಲ್ಲ ಕಂಪನಿ ವಾಪಸ್ ತರಿಸಿಕೊಳ್ಳಬೇಕೆಂದು ಆದೇಶವಾಗಿದೆ, ಗರ್ಭಿಣಿಯರು ಮತ್ತು ವಯಸ್ಸಾದವರು ಮುಟ್ಟಲೇಬಾರದು ಎಂದು ಇತ್ತು. ಪಕ್ಕದಲ್ಲಿ ನನ್ನ ಫೋಟೋ. ಟಿವಿಯಲ್ಲೂ ಅದೇ, ಮುಖದ ಸುತ್ತ ಕೆಂಪು ಗೆರೆ ಎಳೆದು ಮತ್ತೆ ಮತ್ತೆ ತೋರಿಸಿದರು. ಅದನ್ನು ಉಂಡ ಊರಿನ ಮುದುಕರೊಬ್ಬರು ಇನ್ನೂ ಆಸ್ಪತ್ರೆಯಲ್ಲಿದ್ದಾರೆ. ಅಂದು ಮಧ್ಯಾಹ್ನವೇ ನೀನು ಮಂತ್ರಾಲಯಕ್ಕೆಂದು ಹೊರಟೆ. ಹೊರಡುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಿದೆ. ಆಶೀರ್ವಾದ ಮಾಡಿ ಕಳಿಸಿದೆ. ಅದನ್ನು ವಾಪಸ್ ತರಿಸಿಕೊಳ್ಳಲು ಯಾವ ಆದೇಶ ಬೇಕೋ ನನಗೆ ಗೊತ್ತಿಲ್ಲ.

ಕಳೆದ ಗುರುವಾರ ಬೆಳಿಗ್ಗೆ ಗೇಟಿನ ಹತ್ತಿರ ಒಬ್ಬ ಹೆಂಗಸು ಬಂದು ನಿಂತಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದು. ಕೈಯಲ್ಲಿ ಆ ಮುಚ್ಚಳ. ಒಮ್ಮೆ ಅದನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. "ಈ ಡಬ್ಬಿ ಮ್ಯಾಲಿನ ಅಜ್ಜಿ ನೀವೇನ್ರಿ?" ಎಂದು ಕೇಳಿದಳು. ಹೌದು ಎಂದೆ. ಬೈಗಳಿಗೆ ಸಿದ್ಧವಾಗಿದ್ದೆ, ಆ ವಾರ ಸಾಕಷ್ಟು ಕೇಳಿದ್ದೆ. ಅವಳು ಬೈಯಲಿಲ್ಲ. ತಾನು ವಿರೂಪಮ್ಮ, ಕುರುಗೋಡಿನವಳು ಎಂದು ಹೇಳಿದಳು. "ನನ್ನ ಸೊಸಿಗೆ ಕೂಸು ಹೊಟ್ಟ್ಯಾಗ ಸತ್ತ ಹುಟ್ಟೈತ್ರಿ. ಆಕಿ ನಿಮ್ಮನ್ನ ನೋಡಬೇಕಂತಾಳ. ನಾ ಬ್ಯಾಡ ಅಂದೆ, ಕೇಳವಲ್ಲಳು. ಬರ್ತೀರೋ ಇಲ್ಲೋ ಒಂದ ಮಾತ ಹೇಳ್ರಿ, ಬಸ್ಸಿಗೆ ಹೊತ್ತಾಕೈತಿ" ಎಂದಳು. ನಾನು ಉಟ್ಟ ಸೀರೆಯಲ್ಲೇ ಹೊರಟೆ. ಶ್ರೀಕೃತಿ ಕಾಲೇಜಿಗೆ ಹೋಗಿದ್ದಳು, ಬಾಗಿಲು ಹಾಕಿಕೋ ಎಂದು ಪ್ರಣವನಿಗೆ ಹೇಳಿದೆ. ಕುರುಗೋಡಿನ ಬಸ್ಸಿನಲ್ಲಿ ಆಕೆ ಕಿಟಕಿಯ ಪಕ್ಕ ಕುಳಿತಳು, ನಾನು ಅವಳ ಪಕ್ಕ. ಕಂಡಕ್ಟರ್ ಬಂದಾಗ ತನ್ನ ಟಿಕೆಟ್ಟನ್ನು ಮಾತ್ರ ತೆಗೆದುಕೊಂಡಳು.

ಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವರ ಮನೆ. ವಿರೂಪಮ್ಮನ ಗಂಡ ಚಿದಾನಂದಪ್ಪ ಕಟ್ಟೆಯ ಮೇಲೆ ಕುಳಿತಿದ್ದರು, ನನ್ನನ್ನು ನೋಡಿ ಎದ್ದು ಒಳಗೆ ಹೋದರು. ನಾವು ಕಂಡ ಹಳ್ಳಿಮನೆಗಳಲ್ಲಿ ದಾರಿ ಕೇಳಲು ಬಂದವರಿಗೂ ತಂಬಿಗೆ ನೀರು ಕೊಡುತ್ತಾರೆ. ಆ ಮನೆಯಲ್ಲಿ ನನಗೆ ಯಾರೂ ನೀರು ಕೊಡಲಿಲ್ಲ. ಸರಿಯಾಗಿಯೇ ಮಾಡಿದರು. ಒಳಗೆ ಗೋಡೆಗೆ ಒರಗಿ ಸೊಸೆ ಕುಳಿತಿದ್ದಳು. ರಾಧಾ ಎಂದು ಹೆಸರು, ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದರು. ಅದು ಯಾಕೆಂದು ನಿನಗೆ ತಿಳಿಯಲಿಕ್ಕಿಲ್ಲ, ಹೇಳುತ್ತೇನೆ. ಕೂಸು ಇಲ್ಲದಿದ್ದರೂ ಹಾಲು ಬರುತ್ತದೆ.

ನಡೆದದ್ದನ್ನು ಅವಳ ಅತ್ತೆ ಹೇಳಿದಳು. ಏಳನೇ ತಿಂಗಳು. ನಮ್ಮ ಮೇ ತಿಂಗಳ ಬಿಸಿಲು, ಏನು ತಿಂದರೂ ಆ ಹುಡುಗಿಗೆ ನಿಲ್ಲುತ್ತಿರಲಿಲ್ಲ. ತಣ್ಣನೆಯ ಮೊಸರನ್ನವೊಂದೇ ಸೇರುತ್ತಿತ್ತು. ಮನೆಯ ಎಮ್ಮೆಯ ಹಾಲು ಬತ್ತಿತ್ತು. ಹುಡುಗಿಯ ಗಂಡ ಗುರುಸ್ವಾಮಿ ಕುಡತಿನಿಯ ವಿದ್ಯುತ್ ಕೇಂದ್ರದಲ್ಲಿ ಗುತ್ತಿಗೆ ಕೆಲಸದವನು. ಪಾಳಿ ಮುಗಿಸಿ ಬರುವಾಗ ಬಸ್ ನಿಲ್ದಾಣದ ಎದುರಿನ ಬೇಕರಿಯಿಂದ ಡಬ್ಬಿ ತರುತ್ತಿದ್ದ. ಬೇರೆ ಕಂಪನಿಯದೂ ಇತ್ತಂತೆ, ಅಜ್ಜಿಯ ಮುಖ ನೋಡಿ ಇದನ್ನೇ ತಂದನಂತೆ. ಆಮೇಲೆ ಎರಡು ದಿನ ಸಣ್ಣ ಜ್ವರ, ಮೈ ನೋವು. ಬಿಸಿಲಿನ ಜ್ವರ ಎಂದು ಮಾತ್ರೆ ನುಂಗಿಸಿದರು. ಅದೂ ಬಿಟ್ಟಿತು. ಅವಳು ಎದ್ದು ಓಡಾಡಿದಳು. ಮುಂದಿನ ವಾರ ಕೂಸು ಹೊಟ್ಟೆಯಲ್ಲಿ ಹೊರಳುವುದು ನಿಂತಿತು. ಬಳ್ಳಾರಿಗೆ ಕರೆತಂದರು. ಹೆಣ್ಣು ಕೂಸು. ತಲೆ ತುಂಬ ಕೂದಲಿತ್ತಂತೆ. ತಾಯಿಯ ರಕ್ತದಲ್ಲೂ ಕೂಸಿನ ಸುತ್ತಲೂ ಅದೇ ಬ್ಯಾಕ್ಟೀರಿಯಾ ಇದೆಯೆಂದು ಡಾಕ್ಟರು ಹೇಳಿದರಂತೆ. ತಾಯಿಗೆ ಸಣ್ಣ ಜ್ವರ ಬಂದು ಹೋಗುತ್ತದೆ, ಹೊಟ್ಟೆಯಲ್ಲಿದ್ದದ್ದನ್ನು ತಿಂದುಬಿಡುತ್ತದೆ, ಅದರ ಸ್ವಭಾವವೇ ಹಾಗೆ ಎಂದರಂತೆ.

ರಾಧಾ ಅಷ್ಟು ಹೊತ್ತೂ ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ, "ಅದನ್ನ ನೀವ ಕೈಯಾರೆ ಮಾಡ್ತಿದ್ರೇನ್ರಿ ಅಮ್ಮಾರ?" ಎಂದು ಕೇಳಿದಳು. ಇಲ್ಲಮ್ಮ, ನಾನು ಅದನ್ನು ಮುಟ್ಟಿಯೂ ಇಲ್ಲ, ಅದರ ಮೇಲೆ ನನ್ನ ಮುಖ ಮಾತ್ರ ಇತ್ತು ಎಂದೆ. ಅವಳು, "ಮತ್ತ ಯಾಕ ನಗಾಕತ್ತಿದ್ರಿ ಅದರ ಮ್ಯಾಲ?" ಎಂದಳು.

ನಾನು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು, ಮಕ್ಕಳ ಯಾವ ಪ್ರಶ್ನೆಗೂ ಏನಾದರೂ ಒಂದು ಉತ್ತರ ಕೊಟ್ಟವಳು. ಅಲ್ಲಿ ಏನೆಂದು ಹೇಳಲಿ? ಮೊಮ್ಮಗನ ಬೋಳು ತಲೆ ನೋಡಿ ನಕ್ಕೆ ಎನ್ನಲೇ, ಆ ಹುಡುಗಿಯ ಎದುರು? ಕೈ ಮುಗಿದು ತಲೆ ತಗ್ಗಿಸಿದೆ. ಅವಳು ಮುಖ ತಿರುಗಿಸಿ ಗೋಡೆಯ ಕಡೆ ಮಲಗಿದಳು. ಜಯತೀರ್ಥ, ನಿನ್ನನ್ನು ಹೆತ್ತು ಎದೆಹಾಲು ಕುಡಿಸಿದ ಈ ಮೈಯಲ್ಲಿ ಆ ಹೊತ್ತಿಗೆ ನಿನ್ನ ಮೇಲೆ ಎದ್ದ ಸಿಟ್ಟು ಎಂಥದೆಂದು ಬರೆಯಲು ಹೋದರೆ ಶಾಪದ ಹಾಗೆ ಆಗುತ್ತದೆ. ತಾಯಿಯ ಶಾಪ ತಟ್ಟುತ್ತದೆ ಎನ್ನುತ್ತಾರೆ, ಅದಕ್ಕೆ ಬರೆಯುವುದಿಲ್ಲ. ಇಷ್ಟು ತಿಳಿದುಕೋ, ಬರೆಯದೆ ಇರುವುದಕ್ಕೆ ನಾನು ಹಲ್ಲು ಕಚ್ಚಬೇಕಾಗಿದೆ.

ಹೊರಗೆ ಬಂದಾಗ ಗುರುಸ್ವಾಮಿ ಬಾಗಿಲಲ್ಲಿ ನಿಂತಿದ್ದ. "ನಿನ್ನ ಮಗ ಎಲ್ಲಿ ಅದಾನ?" ಎಂದ. ನಿಮ್ಮ ಎನ್ನಲಿಲ್ಲ, ನಿನ್ನ ಎಂದ. ನನ್ನ ಮೊಮ್ಮಗನ ಓರಗೆಯವರನ್ನೂ ಬಹುವಚನದಲ್ಲಿ ಕರೆಯುವ ಜನ ಅವರು. "ನಾ ತಂದೀನಿ, ನಾ ಉಣಿಸೀನಿ. ಅದನ್ನ ನಾ ಅನುಭವಿಸ್ತೀನಿ. ಆದರ ಇನ್ನೂ ಮಾರಾಕತ್ತಾರ. ಬಾ, ತೋರಸ್ತೀನಿ" ಎಂದು ಮುಂದೆ ನಡೆದ.

ಬೇಕರಿಯವನ ಹೆಸರು ಹಂಪಯ್ಯ. ಅವನ ಫ್ರಿಜ್ಜಿನಲ್ಲಿ ಅದೇ ಆಕಾರದ, ಅದೇ ಹಸಿರು ಅಂಚಿನ ಡಬ್ಬಿಗಳು ಸಾಲಾಗಿ ಇದ್ದವು. ಮೇಲೆ 'ನಂದಿನಿ'ಯೂ ಅಲ್ಲ, ಯಾರ ಹೆಸರೂ ಅಲ್ಲ, 'ತಂಪು ಮೊಸರನ್ನ' ಎಂದು ದೊಡ್ಡ ಬಿಳಿ ಚೀಟಿ ಅಂಟಿಸಿತ್ತು, ಹೊಸ ತಾರೀಖು ಒತ್ತಿತ್ತು. ಎಲ್ಲಿಂದ ಬಂತು ಎಂದು ಕೇಳಿದೆ. "ನನಗೇನ ಗೊತ್ತ್ರಿ ಅಮ್ಮಾರ. ಹಳೇವು ಒಯ್ದ್ರು, ಹೊಸವು ಕೊಟ್ರು. ಸಿರುಗುಪ್ಪದಿಂದ ಗಾಡಿ ಬಂದಿತ್ತು" ಎಂದ. ನಾನು ಒಂದು ಡಬ್ಬಿ ತೆಗೆದುಕೊಂಡು ಚೀಟಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿದೆ. ತಂಪಿಗೆ ಒದ್ದೆಯಾಗಿತ್ತು, ಸುಲಭವಾಗಿ ಬಂತು. ಅಡಿಯಲ್ಲಿ ಒಂದು ಕಣ್ಣು, ಅರ್ಧ ಕುಂಕುಮ, ನಗುವ ಬಾಯಿ. ನಾನೇ. ಗುರುಸ್ವಾಮಿ ಒಂದೊಂದೇ ಡಬ್ಬಿ ತೆಗೆದು ಎಲ್ಲದರ ಚೀಟಿ ಕಿತ್ತು ಬೇಕರಿಯ ಕಟ್ಟೆಯ ಮೇಲೆ ನನ್ನ ಮುಖಗಳನ್ನು ಸಾಲಾಗಿ ಇಟ್ಟ. ಹಂಪಯ್ಯ ತಲೆಯ ಮೇಲೆ ಕೈ ಹೊತ್ತು ಕುಳಿತ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬಂದು ಸುತ್ತ ನಿಂತರು. ಯಾರೋ ನನ್ನ ಗುರುತು ಹಿಡಿದರು. ನನ್ನ ಕಡೆಗೆ ಒಬ್ಬಳು ಉಗುಳಿದಳು, ಸೀರೆಯ ಅಂಚಿಗೆ ಬಿತ್ತು. ಅಷ್ಟು ಜನರ ಎದುರು ಗುರುಸ್ವಾಮಿಯೇ, "ಈಕಿನ್ನ ಬಿಡ್ರಿ, ಈಕಿ ಮಗನ್ನ ಹುಡುಕ್ರಿ" ಎಂದು ಗುಂಪು ಸರಿಸಿ ನನ್ನನ್ನು ಬಸ್ಸಿಗೆ ಹತ್ತಿಸಿದ.

ಮನೆಗೆ ಬಂದು ಶ್ರೀಕೃತಿಗೆ ಎಲ್ಲ ಹೇಳಿದೆ. ಅವಳು ತಟ್ಟೆ ಸರಿಸಿ ಅಳಲು ಶುರುಮಾಡಿದಳು. ಆಮೇಲೆ ಬಾಯಿ ಬಿಟ್ಟಳು. ಆದೇಶ ಬರುವುದಕ್ಕೆ ಎಷ್ಟೋ ದಿನ ಮೊದಲೇ ಬೆಂಗಳೂರಿನ ದೊಡ್ಡ ಅಂಗಡಿಯವರು ತಾವೇ ಪರೀಕ್ಷೆ ಮಾಡಿಸಿ, ನಿನ್ನ ಮಾಲಿನಲ್ಲಿ ಬ್ಯಾಕ್ಟೀರಿಯಾ ಇದೆ, ನಮಗೆ ಬೇಡ ಎಂದು ನಿನಗೆ ಫೋನ್ ಮಾಡಿದ್ದರು. ಆಗ ನೀವಿಬ್ಬರೂ ಕಾರಿನಲ್ಲಿದ್ದಿರಿ. ಅವರ ಫೋನ್ ಇಟ್ಟು ನೀನು ಶೆಡ್ಡಿನವರಿಗೆ ಫೋನ್ ಹಚ್ಚಿ ಹೇಳಿದ ಮಾತನ್ನು ಅವಳು ನನಗೆ ಹಾಗೇ ಹೇಳಿದಳು. "ಬೆಂಗಳೂರಿನವ್ರು ಒಲ್ಲೆ ಅಂತಾರ. ಕುರುಗೋಡು, ಸಿರುಗುಪ್ಪ ಕಡೆ ಕಳಸ್ರಿ, ಅಲ್ಲಿ ಯಾರ್ ಕೇಳ್ತಾರ." ಅತ್ತಿ, ಅವತ್ತ ನಾ ಬಾಯಿ ತೆಗೀಬೇಕಿತ್ತು ಎಂದು ನಿನ್ನ ಹೆಂಡತಿ ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಅವಳ ತಪ್ಪನ್ನು ಅವಳು ಅಳುತ್ತಾಳೆ. ನೀನು ಅತ್ತೆಯಾ, ಒಮ್ಮೆಯಾದರೂ? ಆ ಮಾತು ಕೇಳಿದ ಮೇಲೆ ನನಗೆ ಇದು ಅಚಾತುರ್ಯ, ಯಂತ್ರದ ದೋಷ, ನಸೀಬು ಎಂದು ಹೇಳಿಕೊಳ್ಳಲು ಯಾವ ದಾರಿಯೂ ಉಳಿಯಲಿಲ್ಲ. ಗೊತ್ತಿದ್ದೂ ಕಳಿಸಿದೆ. ಕೇಳುವವರಿಲ್ಲದ ಊರು ಎಂದು ಆರಿಸಿ ಕಳಿಸಿದೆ.

ಮರುದಿನ ನಾವಿಬ್ಬರೂ ಸಿರುಗುಪ್ಪಕ್ಕೆ ಹೋದೆವು. ನಿನ್ನ ಪಾಲುದಾರ ಚನ್ನಬಸವರಾಜನ ಮುಚ್ಚಿದ ಅಕ್ಕಿ ಗಿರಣಿ ಶ್ರೀಕೃತಿಗೆ ಗೊತ್ತಿತ್ತು. ಹಿಂದಿನ ಗೋದಾಮಿನಲ್ಲಿ ನೆಲದ ಮೇಲೆ ಹೆಂಗಸರು ಕುಳಿತು ಚೀಟಿ ಅಂಟಿಸುತ್ತಿದ್ದರು. ಸುತ್ತ ಐಸ್‌ಕ್ರೀಮ್ ಇಡುವ ದೊಡ್ಡ ಪೆಟ್ಟಿಗೆಗಳು, ಅವುಗಳಲ್ಲಿ ಜಾಗ ಸಾಲದೆ ಹೊರಗೂ ಡಬ್ಬಿಗಳ ರಾಶಿ. ಆದೇಶದಂತೆ ವಾಪಸ್ ತರಿಸಿ ನಾಶ ಮಾಡುತ್ತಿದ್ದೇವೆ ಎಂದು ನೀನು ಸರ್ಕಾರಕ್ಕೆ ಹೇಳಿದ ಡಬ್ಬಿಗಳು ಅವು. ಚನ್ನಬಸವರಾಜ ಓಡಿಬಂದು ಕುರ್ಚಿ ಹಾಕಿದ. "ನೀವ್ಯಾಕ ಬಿಸಲಾಗ ಬಂದ್ರಿ ಅಮ್ಮಾರ, ಕುಂದರ್ರಿ, ಎಳನೀರು ತರಸ್ತೀನಿ" ಎಂದ. ಇವೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ಕೇಳಿದೆ. ನನಗೆ ಎಲ್ಲ ಗೊತ್ತಿದೆ, ನೀನೇ ನಮ್ಮನ್ನು ಕಳಿಸಿದ್ದೀ ಎಂದು ತಿಳಿದನೋ ಏನೋ, ಹೇಳಿಬಿಟ್ಟ. "ಇವತ್ತ ಸಂಜಿಗೆ ಒಂದು ಖಾಸಗಿ ಹಾಸ್ಟೆಲ್ಲಿಗೆ ಹೊಕ್ಕಾವ್ರಿ. ಹೆಣ್ಣುಮಕ್ಕಳ ಹಾಸ್ಟೆಲ್ಲು. ಸೋವಿಯಾಗಿ ಕೊಡಾಕತ್ತೀವಿ."

ಅಲ್ಲಿಂದಲೇ ಶ್ರೀಕೃತಿಯ ಫೋನಿನಿಂದ ನಿನ್ನ ಜೊತೆ ಮಾತನಾಡಿದ್ದು. ನೆನಪಿದೆಯೇ, ಅಥವಾ ಅದನ್ನೂ ಒರೆಸಿ ಮೇಲೆ ಬೇರೆ ಚೀಟಿ ಅಂಟಿಸಿಕೊಂಡಿದ್ದೀಯೋ? ಗೋದಾಮಿನಲ್ಲಿದ್ದೇನೆ, ಇವನ್ನು ಕಳಿಸಬೇಡ ಎಂದು ಹೇಳು ಎಂದೆ. ನೀನು ಮಾತು ಹೊರಳಿಸಿದೆ. "ಅಮ್ಮಾ, ನೀ ಒಂದು ವಿಡಿಯೋ ಮಾಡು. ನಾ ದಿನಾ ಇದನ್ನ ಊಟ ಮಾಡ್ತೀನಿ, ನನಗೇನೂ ಆಗಿಲ್ಲ ಅಂತ ಹೇಳು. ಶ್ರೀಕೃತಿ ಹಿಡೀತಾಳ. ಎಲ್ಲಾ ತಣ್ಣಗಾಗ್ತದ" ಎಂದೆ. ಕೂಸು ಕಳೆದುಕೊಂಡ ಕುರುಗೋಡಿನ ಹುಡುಗಿಯ ಮನೆಗೆ ಹೋಗಿದ್ದೆ ಎಂದು ನಾನು ಹೇಳಿದೆ. ನೀನು ಹೇಳಿದ್ದು ಇಷ್ಟು: "ಹುಟ್ಟದ ಕೂಸಿನ ಸಲುವಾಗಿ ಹುಟ್ಟಿದ ಮೊಮ್ಮಗನ್ನ ಬೀದಿಗೆ ತರ್ತೀಯೇನು?" ನಾನು ಫೋನ್ ಇಟ್ಟೆ. ಈ ಸಲ ನಾನು ಇಟ್ಟೆ.

ಕಾಮಾಲೆಯಾಗಿ ಮಲಗಿದ್ದಾಗ ನಿನಗೆ ದಿನವೂ ಹೊಸದಾಗಿ ಹೆಪ್ಪು ಹಾಕಿ, ಅನ್ನ ಬೆಣ್ಣೆಯ ಹಾಗೆ ನುಣ್ಣಗೆ ಕಿವುಚಿ, ಬೆರಳಿನಿಂದ ಬಾಯಿಗಿಟ್ಟಿದ್ದೇನೆ. ಒಂದು ಅಗುಳು ಗಟ್ಟಿಯಿದ್ದರೂ ಉಗುಳುತ್ತಿದ್ದೆ. ಆ ಬಾಯಿಂದ ಈ ಮಾತು ಬಂತಲ್ಲ. ಕುರ್ಚಿಯನ್ನು ಎಳೆದುಕೊಂಡು ಹೋಗಿ ಗೋದಾಮಿನ ಬಾಗಿಲ ನಡುವೆ ಹಾಕಿ ಕುಳಿತೆ. ಆಹಾರ ಸುರಕ್ಷತೆಯ ಅಧಿಕಾರಿಗೆ ಫೋನ್ ಮಾಡು ಎಂದು ಶ್ರೀಕೃತಿಗೆ ಹೇಳಿದೆ. ಅವಳು ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ. ಚನ್ನಬಸವರಾಜನ ಬಣ್ಣ ಆಗ ಬದಲಾಯಿತು. ಗಾಡಿಯನ್ನು ಬಾಗಿಲಿಗೆ ಹಿಂದೊತ್ತಿಸಿದ. "ಏಳ್ರಿ ಅಮ್ಮಾರ" ಎಂದ, ಆಮೇಲೆ "ಏಳವ್ವ" ಎಂದ, ಆಮೇಲೆ "ಮುದುಕಿ, ಏಳ್ತಿಯೋ ಇಲ್ಲೋ" ಎಂದ. ಕುರ್ಚಿಯ ಕಾಲಿಗೆ ಒದ್ದ. ಶ್ರೀಕೃತಿ ಅಡ್ಡ ಬಂದಳು, ಅವಳ ತೋಳು ಹಿಡಿದು ತಳ್ಳಿದ. ಚೀಟಿ ಅಂಟಿಸುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಎದ್ದರು. ಇದು ಯಾಕೆ ವಾಪಸ್ ಬಂದ ಮಾಲು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕುರುಗೋಡಿನ ಕೂಸಿನ ವಿಷಯ ಕುಳಿತಲ್ಲಿಂದಲೇ ಹೇಳಿದೆ. ಪಾರಮ್ಮ ಎಂಬವಳು, ಅವಳ ಮಗಳೂ ಬಸುರಿಯಂತೆ, ಹಿಂದಿನ ದಿನ ಕೂಲಿಯ ಜೊತೆ ನಾಲ್ಕು ಡಬ್ಬಿ ಮನೆಗೆ ಒಯ್ದಿದ್ದಳಂತೆ. ಕೈಯಲ್ಲಿದ್ದ ಚೀಟಿಯ ಕಟ್ಟನ್ನು ಅಲ್ಲೇ ಎಸೆದು ಮನೆಗೆ ಓಡಿದಳು. ಉಳಿದವರು ಬಂದು ನನ್ನ ಕುರ್ಚಿಯ ಎರಡೂ ಕಡೆ ನಿಂತರು. ಅಷ್ಟು ಹೆಂಗಸರನ್ನು ತಳ್ಳಲು ಅವನಿಗೆ ಕೈ ಬರಲಿಲ್ಲ. ಗಾಡಿಯವನು ಗಾಡಿ ತೆಗೆದುಕೊಂಡು ಹೊರಟೇಹೋದ.

ಪಾರಮ್ಮನ ಮಗಳು ಡಬ್ಬಿ ಒಡೆದಿರಲಿಲ್ಲ. ನಿನಗೆ ಇದು ಬೇಕಿರಲಿಕ್ಕಿಲ್ಲ, ಆದರೂ ಬರೆದಿದ್ದೇನೆ.

ಅಧಿಕಾರಿ ವಿಜಯಲಕ್ಷ್ಮಿ ಎಂಬ ಹೆಣ್ಣುಮಗಳು ಬಳ್ಳಾರಿಯಿಂದ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಎಲ್ಲವನ್ನೂ ಎಣಿಸಿ, ಬಾಗಿಲಿಗೆ ಮೊಹರು ಹಾಕಿಸಿದಳು. ನಾನು ಕೇಳಿದ್ದಕ್ಕೆ ನಿನ್ನ ಶೆಡ್ಡಿನಲ್ಲಿ ಸಿಕ್ಕಿದ್ದನ್ನೂ ಹೇಳಿದಳು. ತಂಪು ಕೋಣೆಯ ಯಂತ್ರದ ಕೊಳವೆಯಿಂದ ಕೊಳಕು ನೀರು ತೊಟ್ಟಿಕ್ಕಿ ಕೆಳಗೆ ಆರಲು ಇಟ್ಟ ಅನ್ನದ ತಟ್ಟೆಗಳಿಗೆ ಬೀಳುತ್ತಿತ್ತಂತೆ. ರಿಪೇರಿ ಮಾಡಿಸಲು ಎರಡು ದಿನ ಕೆಲಸ ನಿಲ್ಲಿಸಬೇಕಾಗುತ್ತದೆ ಎಂದು ನೀನು ಅದಕ್ಕೆ ಒಂದು ಪ್ಲಾಸ್ಟಿಕ್ ಹಾಳೆ ಕಟ್ಟಿಸಿದ್ದೆಯಂತೆ. ಹಾಳೆಯಲ್ಲಿ ನೀರು ತುಂಬಿ ಒಮ್ಮೆಲೇ ಸುರಿಯುತ್ತಿತ್ತಂತೆ. ಎರಡು ದಿನ, ಜಯತೀರ್ಥ. ಎರಡು ದಿನ ನಿಲ್ಲಿಸಿದ್ದರೆ ಊರಿನವರು ಮೊಸರನ್ನ ಇಲ್ಲದೆ ಉಪವಾಸ ಬೀಳುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ವಿಡಿಯೋ ಮಾಡಿಸಿದೆ. ನೀನು ಕೇಳಿದ್ದೆಯಲ್ಲ. ಶ್ರೀಕೃತಿಯೇ ಹಿಡಿದಳು. ನಾನು ಅಂಬುಜಮ್ಮ, ಡಬ್ಬಿಯ ಮೇಲಿರುವವಳು, ಇದನ್ನು ನಾನು ಮಾಡಿಲ್ಲ, ಉಂಡಿಲ್ಲ, ಯಾರೂ ಉಣ್ಣಬೇಡಿ, ತಂಪು ಮೊಸರನ್ನ ಎಂಬ ಬಿಳಿ ಚೀಟಿಯ ಡಬ್ಬಿಯನ್ನೂ ಮುಟ್ಟಬೇಡಿ, ಅಡಿಯಲ್ಲಿ ಇರುವುದು ಅದೇ ಎಂದು ಹೇಳಿದೆ. ಈ ಮಾತು ಸಾವಿರಾರು ಜನರಿಗೆ ಹೋಗಿದೆಯಂತೆ. ಆದೋನಿಗೂ ಬಂದಿರಬೇಕು. ನಾನು ಅದರಲ್ಲಿ ನಕ್ಕಿಲ್ಲ, ಬೇಕಾದರೆ ನೋಡು.

ಶ್ರೀಕೃತಿ ಮತ್ತು ಪ್ರಣವ ನನ್ನ ಜೊತೆಯೇ ಇರುತ್ತಾರೆ. ಇಬ್ಬರೂ ಚೆನ್ನಾಗಿ ಊಟ ಮಾಡುತ್ತಿಲ್ಲ, ಆದರೆ ಮಾಡುತ್ತಿದ್ದಾರೆ. ಬರುವ ಸೋಮವಾರದಿಂದ ಪ್ರಣವನನ್ನು ನಾನೇ ಕೈಹಿಡಿದು ಶಾಲೆಯ ಬಾಗಿಲವರೆಗೆ ಬಿಟ್ಟುಬರುತ್ತೇನೆ. ಡಬ್ಬಿ ಎಂದವರು ನನ್ನ ಮುಖ ನೋಡಿಯೇ ಹೇಳಲಿ. ನಿನ್ನನ್ನು ಹಡೆದ ಇಬ್ಬರಲ್ಲಿ ಒಬ್ಬರು ಇದನ್ನು ನೋಡದೆ ಹೋದರು. ಅವರ ಪುಣ್ಯ. ಸೋದರಮಾವನವರಿಗೆ ನನ್ನ ನಮಸ್ಕಾರ ತಿಳಿಸು, ಅವರಿಗೆ ನಿಜ ಹೇಳಿಲ್ಲವೆಂದು ನನಗೆ ಗೊತ್ತು. ಹರಿವಾಯುಗುರುಗಳು ನಿನಗೆ ಬುದ್ಧಿ ಕೊಡಲಿ. ಆಯುಷ್ಯ, ಐಶ್ವರ್ಯಗಳನ್ನು ಈ ಸಲ ನಾನು ಕೇಳಿಕೊಂಡಿಲ್ಲ.

ಇತಿ,
ನಿನ್ನನ್ನು ಹೆತ್ತವಳು,
ಅಂಬುಜಮ್ಮ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಈ ಕಾಗದ ಒಯ್ಯಲು ನಮ್ಮ ಮನೆಯ ಹೊರಗೆ ಜೀಪು ಕಾಯುತ್ತಿದೆ. ಇದನ್ನು ನಿನ್ನ ಕೈಗೆ ಕೊಟ್ಟವರು ಅಂಚೆಯವರಲ್ಲ. ಬಳ್ಳಾರಿಯ ಸಬ್ ಇನ್ಸ್‌ಪೆಕ್ಟರ್ ಉಮಾಪತಿ. ನಿನ್ನ ವಿಳಾಸ ಕೊಟ್ಟದ್ದು ನಾನು, ಶ್ರೀಕೃತಿಯಲ್ಲ, ಅವಳ ಮೇಲೆ ಸಿಟ್ಟಾಗಬೇಡ. ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಮೊದಲ ಸಹಿಯೂ ನನ್ನದೇ. ಹಿತ್ತಲ ಬಾಗಿಲಲ್ಲೂ ಒಬ್ಬರು ನಿಂತಿದ್ದಾರೆ, ಮಾಳಿಗೆಯಿಂದ ಹಾರಲು ಹೋಗಿ ಕಾಲು ಮುರಿದುಕೊಳ್ಳಬೇಡ. ಓದಿ ಮುಗಿಸುವವರೆಗೆ ಬಿಡಿ ಎಂದು ಅವರನ್ನು ಕೇಳಿಕೊಂಡಿದ್ದೆ. ಈಗ ಮುಗಿಯಿತು. ಹೋಗಿ ಬಾಗಿಲು ತೆಗೆ.